ಬೇರೆ ರಾಜ್ಯದ ಕಾಲೇಜ್ ಫುಟ್‌ಬಾಲ್ ತಂಡಕ್ಕೆ ಹುಡುಗ ಸೇರುವುದು ಹೇಗೆ? ಅಮೆರಿಕದ ಕನ್ನಡ ಮನೆಗಳಿಗೊಂದು ಮಾರ್ಗದರ್ಶಿ

ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಕೆಲವರು ಹೆಲ್ಮೆಟ್, ಪ್ಯಾಡ್ ಹಾಕಿಕೊಂಡು ಅಮೆರಿಕನ್ ಫುಟ್‌ಬಾಲ್ ಮೈದಾನಕ್ಕೂ ಇಳಿಯುತ್ತಾರೆ. ಒಂಬತ್ತನೇ ಕ್ಲಾಸಿನಲ್ಲಿ ಗೆಳೆಯರ ಜೊತೆ ಸುಮ್ನೆ ಶುರುವಾದ ಆಟ, ಹನ್ನೊಂದನೇ ಕ್ಲಾಸಿಗೆ ಬರುವಷ್ಟರಲ್ಲಿ "ಕಾಲೇಜಿನಲ್ಲೂ ಆಡ್ತೀನಿ" ಅನ್ನುವಲ್ಲಿಗೆ ಬಂದಿರುತ್ತದೆ. ಆಗ ಅಪ್ಪ ಅಮ್ಮನಿಗೆ ತಲೆ ಬಿಸಿ. ಈ ಆಟ ನಾವು ಆಡಿ ಬೆಳೆದದ್ದಲ್ಲ. ಎಸ್‌ಎಟಿ ಬಗ್ಗೆ, ಎಂಜಿನಿಯರಿಂಗ್ ಸೀಟಿನ ಬಗ್ಗೆ ಕನ್ನಡ ಕೂಟದಲ್ಲಿ ಹತ್ತು ಜನ ಹೇಳಿಕೊಡುತ್ತಾರೆ. ಕೋಚ್ ಜೊತೆ ಮಾತಾಡುವುದು ಹೇಗೆ ಅಂತ ಹೇಳುವವರು ಸಿಗುವುದು ಕಷ್ಟ.

ಅದರಲ್ಲೂ ಸ್ವಂತ ರಾಜ್ಯದ ಆಚೆಗಿನ ಕಾಲೇಜು ಅಂದರೆ ಲೆಕ್ಕವೇ ಬೇರೆ. ಈ ಲೇಖನ ಅದರ ಬಗ್ಗೆ.

ಮೊದಲು ಕೋಚ್ ಕಡೆಯಿಂದ ಯೋಚಿಸಿ

ನೆಬ್ರಾಸ್ಕಾ ರಾಜ್ಯವನ್ನೇ ತೆಗೆದುಕೊಳ್ಳಿ. ಇಡೀ ರಾಜ್ಯದ ಜನಸಂಖ್ಯೆ ಸುಮಾರು 20 ಲಕ್ಷ. ದೊಡ್ಡ ತಂಡ ಕಟ್ಟುವಷ್ಟು ಹುಡುಗರು ಪ್ರತಿ ವರ್ಷ ಅಲ್ಲೇ ಸಿಗುವುದಿಲ್ಲ. ಹಾಗಾಗಿ ಲಿಂಕನ್ ನಗರದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಕೋಚ್‌ಗಳು ಹಿಂದಿನಿಂದಲೂ ಟೆಕ್ಸಸ್, ಫ್ಲಾರಿಡಾ, ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ ಸುತ್ತಿದವರು. ಟಾಮ್ ಓಸ್ಬರ್ನ್ ಕೋಚ್ ಆಗಿದ್ದಾಗ 1994 ಮತ್ತು 1995ರಲ್ಲಿ ನೆಬ್ರಾಸ್ಕಾ ದೇಶಕ್ಕೇ ಮೊದಲ ಸ್ಥಾನಕ್ಕೆ ಬಂತು. ಆ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಟಾಮಿ ಫ್ರೇಜಿಯರ್ ಫ್ಲಾರಿಡಾದ ಬ್ರೇಡೆಂಟನ್ ಊರಿನ ಹುಡುಗ. ಅಂದರೆ ದೂರದ ಹುಡುಗ ಕೋಚ್‌ಗೆ ಬೇಡದವನೇನಲ್ಲ. ಎಷ್ಟೋ ತಂಡಗಳಿಗೆ ಅವನು ಬೇಕೇ ಬೇಕು.

ಆದರೆ ದೂರದ ಹುಡುಗನಲ್ಲಿ ಕೋಚ್‌ಗೆ ಎರಡು ತೊಂದರೆ ಇದೆ. ಪಕ್ಕದ ಊರಿನವನಾದರೆ ಶುಕ್ರವಾರ ರಾತ್ರಿ ಕಾರು ತೆಗೆದುಕೊಂಡು ಹೋಗಿ ಆಟ ನೋಡಬಹುದು, ಅವನ ಶಾಲೆಯ ಕೋಚ್‌ನ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅಂತಲೂ ಗೊತ್ತಿರುತ್ತದೆ. ಸಾವಿರ ಮೈಲಿ ಆಚೆಯ ಹುಡುಗನ ಬಗ್ಗೆ ಇದ್ಯಾವುದೂ ಇಲ್ಲ. ನೋಡದೆ ನಂಬಬೇಕು. ಇನ್ನೊಂದು ದುಡ್ಡು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರ ರಾಜ್ಯದವರ ಫೀಸು ಒಳಗಿನವರ ಎರಡು ಪಟ್ಟು, ಕೆಲವು ಕಡೆ ಮೂರು ಪಟ್ಟು ಇರುತ್ತದೆ. ಸ್ಕಾಲರ್‌ಶಿಪ್ ಕೊಟ್ಟರೆ ಆ ಹೆಚ್ಚಿನ ಹಣ ಕ್ರೀಡಾ ವಿಭಾಗದ ಲೆಕ್ಕದಿಂದಲೇ ಹೋಗಬೇಕು.

ಮುಂದೆ ಹೇಳುವ ಪ್ರತಿ ಹೆಜ್ಜೆಯಲ್ಲೂ ಈ ಎರಡನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಹುಡುಗನನ್ನು ನಂಬುವುದು ಸುಲಭ ಮಾಡಬೇಕು, ಅವನಿಗಾಗಿ ಆಗುವ ಖರ್ಚು ಕಮ್ಮಿ ಮಾಡಬೇಕು.

ಒಂಬತ್ತು, ಹತ್ತನೇ ಕ್ಲಾಸ್: ಮಾರ್ಕ್ಸ್ ಕಾರ್ಡ್ ಸರಿ ಮಾಡಿಕೊಳ್ಳಿ

ಕಾಲೇಜು ಕ್ರೀಡೆಯನ್ನು ನೋಡಿಕೊಳ್ಳುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರಲ್ಲಿ ಮೂರು ಹಂತ: ಡಿವಿಜನ್ 1, 2, 3. ಮೊದಲ ಎರಡು ಹಂತಕ್ಕೆ ಹೋಗಬೇಕಾದರೆ ಹುಡುಗ ಎನ್‌ಸಿಎಎ ಎಲಿಜಿಬಿಲಿಟಿ ಸೆಂಟರ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಹೈಸ್ಕೂಲಿನಲ್ಲಿ 16 ಕೋರ್ ಕೋರ್ಸ್, ಅಂದರೆ ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯಗಳ ಕೋರ್ಸ್, ಮುಗಿಸಿರಬೇಕು. ಡಿವಿಜನ್ 1ಕ್ಕೆ ಆ ವಿಷಯಗಳಲ್ಲಿ ಕನಿಷ್ಠ 2.3 ಜಿಪಿಎ, ಡಿವಿಜನ್ 2ಕ್ಕೆ 2.2. ಡಿವಿಜನ್ 1ಕ್ಕೆ ಇನ್ನೂ ಒಂದು ಷರತ್ತಿದೆ. ಹನ್ನೆರಡನೇ ಕ್ಲಾಸ್ ಶುರುವಾಗುವ ಮೊದಲೇ 10 ಕೋರ್ಸ್ ಮುಗಿದಿರಬೇಕು, ಅದರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನದವೇ ಆಗಿರಬೇಕು.

ನಮ್ಮ ಮನೆಗಳಲ್ಲಿ ಜಿಪಿಎ ದೊಡ್ಡ ಸಮಸ್ಯೆ ಆಗುವುದು ಕಮ್ಮಿ. ಎಡವುವುದು ಬೇರೆ ಕಡೆ. ಬೇಸಿಗೆಯಲ್ಲಿ ಯಾವುದೋ ಆನ್‌ಲೈನ್ ಸಂಸ್ಥೆಯಲ್ಲಿ ಮಾಡಿದ ಗಣಿತದ ಕೋರ್ಸು ಎನ್‌ಸಿಎಎ ಒಪ್ಪಿದ ಪಟ್ಟಿಯಲ್ಲಿ ಇಲ್ಲದಿರಬಹುದು. ಪ್ರತಿ ಶಾಲೆಯ ಒಪ್ಪಿತ ಕೋರ್ಸುಗಳ ಪಟ್ಟಿ ಎಲಿಜಿಬಿಲಿಟಿ ಸೆಂಟರ್ ಜಾಲತಾಣದಲ್ಲೇ ಇದೆ. ಸೇರುವ ಮೊದಲು ನೋಡಿ. ಇನ್ನು ಒಂಬತ್ತನೇ ಕ್ಲಾಸನ್ನು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಓದಿ ಆಮೇಲೆ ಅಮೆರಿಕಕ್ಕೆ ಬಂದ ಹುಡುಗನಾದರೆ, ಅಲ್ಲಿಯ ಮಾರ್ಕ್ಸ್ ಕಾರ್ಡನ್ನೂ ಕೊಡಬೇಕು. ಒಂಬತ್ತನೇ ಕ್ಲಾಸಿನಿಂದ ಮುಂದಿನ ದಾಖಲೆ ಎಲ್ಲವನ್ನೂ ಅವರು ನೋಡುತ್ತಾರೆ. ಹಳೇ ಶಾಲೆಯಿಂದ ಸೀಲು, ಸಹಿ ಇರುವ ಪ್ರತಿ ತರಿಸಲು ತಿಂಗಳುಗಟ್ಟಲೆ ಹಿಡಿಯಬಹುದು. ರಜೆಗೆ ಊರಿಗೆ ಹೋದಾಗಲೇ ಆ ಕೆಲಸ ಮುಗಿಸಿಕೊಂಡು ಬನ್ನಿ.

ಒಳ್ಳೆ ಮಾರ್ಕ್ಸ್‌ನಿಂದ ಅರ್ಹತೆಗಿಂತ ದೊಡ್ಡ ಲಾಭವೂ ಇದೆ. ಅದನ್ನು ದುಡ್ಡಿನ ಭಾಗದಲ್ಲಿ ಹೇಳುತ್ತೇನೆ.

ಮೂರು ನಿಮಿಷದ ವಿಡಿಯೊ

ದೂರದ ಕೋಚ್ ನಿಮ್ಮ ಹುಡುಗನನ್ನು ಮೊದಲು ನೋಡುವುದು ಫೋನಿನಲ್ಲಿ. ಬಹುತೇಕ ಹೈಸ್ಕೂಲ್ ತಂಡಗಳು ಆಟದ ವಿಡಿಯೊಗಳನ್ನು ಹಡಲ್ ಎಂಬ ತಾಣದಲ್ಲಿ ಹಾಕುತ್ತವೆ. ಅದರಿಂದಲೇ ಒಳ್ಳೆ ತುಣುಕುಗಳನ್ನು ಆರಿಸಿ ಜೋಡಿಸಬೇಕು. ಮೂರು ನಿಮಿಷ ಸಾಕು, ಐದು ದಾಟಬಾರದು. ಅತಿ ಒಳ್ಳೆಯದು ಮೊದಲೇ ಬರಲಿ. ಕೊನೆಗೆ ಅಂತ ಉಳಿಸಿಕೊಂಡರೆ ಅಲ್ಲಿವರೆಗೆ ಯಾರೂ ನೋಡುವುದಿಲ್ಲ. ಚೆಂಡು ಆಟಕ್ಕೆ ಬರುವ ಮುಂಚೆ ಹುಡುಗ ಎಲ್ಲಿ ನಿಂತಿದ್ದಾನೆ ಅಂತ ಬಾಣವೋ ವೃತ್ತವೋ ಹಾಕಿ ತೋರಿಸಿ. 22 ಜನರ ಗುಂಪಿನಲ್ಲಿ ಅವನನ್ನು ಹುಡುಕುವ ಕೆಲಸ ಕೋಚ್‌ಗೆ ಬೇಡ. ಮೊದಲ ಪರದೆಯಲ್ಲಿ ಹೆಸರು, ಜರ್ಸಿ ನಂಬರ್, ಆಡುವ ಜಾಗ, ಎತ್ತರ, ತೂಕ, ಜಿಪಿಎ, ಯಾವ ವರ್ಷ ಹೈಸ್ಕೂಲ್ ಮುಗಿಯುತ್ತದೆ, ಶಾಲೆಯ ಕೋಚ್‌ನ ಸಂಪರ್ಕ ಇರಲಿ. ಜೊತೆಗೆ ಎರಡು ಪೂರ್ತಿ ಆಟಗಳ ಲಿಂಕ್ ಕೊಡಿ. ಕೋಚ್‌ಗೆ ಇಷ್ಟವಾದರೆ ಮುಂದೆ ಕೇಳುವುದೇ ಅದನ್ನು. ತುಣುಕಿನಲ್ಲಿ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ ಅಲ್ವಾ?

ಎತ್ತರ, ತೂಕ, 40 ಗಜ ಓಟದ ಸಮಯ, ಇವನ್ನು ಇದ್ದ ಹಾಗೆ ಬರೆಯಿರಿ. ಒಂದಿಂಚು ಜಾಸ್ತಿ ಹೇಳಿದರೆ ಕಾಲೇಜುಗಳು ನಡೆಸುವ ಬೇಸಿಗೆ ಕ್ಯಾಂಪಿನಲ್ಲಿ ಅಳೆದಾಗ ಸಿಕ್ಕಿಬೀಳುತ್ತಾನೆ. ಆಮೇಲೆ ಮಿಕ್ಕ ಯಾವ ಮಾತನ್ನೂ ಕೋಚ್ ನಂಬುವುದಿಲ್ಲ.

ಕೈಯಾರೆ ವಿಡಿಯೊ ಮಾಡಿ ಕಳಿಸುವುದು ಹೊಸ ವಿಷಯವೇನಲ್ಲ. ಮುಂದೆ ಬಹು ದೊಡ್ಡ ಕ್ವಾರ್ಟರ್‌ಬ್ಯಾಕ್ ಆದ, ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊದ ಟಾಮ್ ಬ್ರೇಡಿ ಮನೆಯವರೂ ಮಗನ ಆಟದ ಟೇಪನ್ನು ದೂರದೂರದ ಕಾಲೇಜುಗಳಿಗೆ ಕಳಿಸಿದ್ದರು. ಅವರು 1995ರಲ್ಲಿ ಸೇರಿದ್ದು ಮಿಷಿಗನ್.

ಸರಿಯಾದ ಕೋಚ್‌ಗೆ ಬರೆಯುವುದು

ಮುಖ್ಯ ಕೋಚ್‌ಗೆ ಇಮೇಲ್ ಕಳಿಸಿ ಕಾಯುತ್ತಾ ಕೂರಬೇಡಿ. ಪ್ರತಿ ತಂಡದಲ್ಲೂ ಸಹಾಯಕ ಕೋಚ್‌ಗಳಿಗೆ ಪ್ರದೇಶ ಹಂಚಿರುತ್ತಾರೆ. ಒಬ್ಬರಿಗೆ ಹ್ಯೂಸ್ಟನ್, ಇನ್ನೊಬ್ಬರಿಗೆ ಉತ್ತರ ಕ್ಯಾಲಿಫೋರ್ನಿಯಾ, ಹೀಗೆ. ನಿಮ್ಮ ಊರು ಯಾರ ಪಾಲಿಗೆ ಬಂದಿದೆ ಅಂತ ತಂಡದ ಜಾಲತಾಣದಲ್ಲಿ ನೋಡಿ. ಸಿಗದಿದ್ದರೆ ಕಚೇರಿಗೆ ಫೋನ್ ಮಾಡಿ ಕೇಳಿ, ತಪ್ಪೇನಿಲ್ಲ. ಆ ಕೋಚ್‌ಗೂ, ಹುಡುಗ ಆಡುವ ಜಾಗದ ಕೋಚ್‌ಗೂ, ಇಬ್ಬರಿಗೂ ಬರೆಯಬೇಕು. ಫುಟ್‌ಬಾಲ್ ಕೋಚ್‌ಗಳು ಎಕ್ಸ್ ತಾಣದಲ್ಲಿ ಸದಾ ಇರುತ್ತಾರೆ. ಹುಡುಗನ ಖಾತೆ ಸ್ವಚ್ಛವಾಗಿರಲಿ, ಅಲ್ಲೂ ಸಂದೇಶ ಕಳಿಸಲಿ.

ಬರೆಯಬೇಕಾದವನು ಹುಡುಗ. ಅಪ್ಪನೂ ಅಲ್ಲ, ಅಮ್ಮನೂ ಅಲ್ಲ. ನಮ್ಮಲ್ಲಿ ಮಗನ ಪರವಾಗಿ ಮಾತಾಡುವುದು ಪ್ರೀತಿ. ಕೋಚ್‌ಗೆ ಅದು ಹಾಗೆ ಕಾಣುವುದಿಲ್ಲ, ಈ ಹುಡುಗನಿಗೆ ಸ್ವಂತ ಬಾಯಿಲ್ಲ ಅನ್ನಿಸುತ್ತದೆ. ಆರೇಳು ಸಾಲು ಸಾಕು. ನಾನು ಯಾರು, ಯಾವ ಊರು, ಎಲ್ಲಿ ಆಡುತ್ತೇನೆ, ಮಾರ್ಕ್ಸ್ ಎಷ್ಟು, ವಿಡಿಯೊ ಇಲ್ಲಿದೆ. ಆಮೇಲೆ ನಿಮ್ಮ ಕಾಲೇಜೇ ಯಾಕೆ ಅಂತ ನಿಜವಾದ ಒಂದು ಕಾರಣ. ದೂರದಿಂದ ಬರೆಯುವವನಿಗೆ ಈ ಕೊನೆಯದು ತುಂಬಾ ಮುಖ್ಯ. ಟೆಕ್ಸಸ್ ಹುಡುಗ ಅಯೋವಾಗೆ ಯಾಕೆ ಬರ್ತಾನೆ ಅನ್ನುವ ಅನುಮಾನ ಕೋಚ್‌ಗೆ ಇದ್ದೇ ಇರುತ್ತದೆ. ಅಲ್ಲಿ ಚಿಕ್ಕಪ್ಪನ ಮನೆ ಇದೆ, ಅಥವಾ ಅಲ್ಲಿಯ ಕೃಷಿ ಎಂಜಿನಿಯರಿಂಗ್ ಓದಬೇಕು ಅಂದರೆ ಆ ಅನುಮಾನ ಹೋಗುತ್ತದೆ.

ಉತ್ತರ ಬರಲಿಲ್ಲ ಅಂತ ತಕ್ಷಣ ಬೇಜಾರಾಗಬೇಡಿ. ಡಿವಿಜನ್ 1 ಕೋಚ್‌ಗಳು ಹತ್ತನೇ ಕ್ಲಾಸ್ ಮುಗಿಯದ ಹುಡುಗನಿಗೆ ಖಾಸಗಿಯಾಗಿ ಬರೆಯುವಂತಿಲ್ಲ. ಕ್ಯಾಂಪಿನ ಆಹ್ವಾನ, ಮಾಹಿತಿ ಫಾರಂ ಕಳಿಸಬಹುದು, ಅಷ್ಟೇ. ಆದರೆ ಹುಡುಗನ ಶಾಲೆಯ ಕೋಚ್ ಜೊತೆ ಯಾವಾಗ ಬೇಕಾದರೂ ಮಾತಾಡಬಹುದು. ಹಾಗಾಗಿ ಶಾಲೆಯ ಕೋಚ್ ಹತ್ತಿರ ಮನಸ್ಸು ಬಿಚ್ಚಿ ಮಾತಾಡಿ, ಹುಡುಗ ಯಾವ ಮಟ್ಟದಲ್ಲಿ ಆಡಬಲ್ಲ ಅಂತ ನೇರವಾಗಿ ಕೇಳಿ. ಉತ್ತರ ಕಹಿ ಇದ್ದರೂ ಕೇಳಿಸಿಕೊಳ್ಳಿ. ಅವರು ಮಾಡುವ ಒಂದು ಫೋನು ನಿಮ್ಮ ಐವತ್ತು ಇಮೇಲಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ವರ್ಷದಲ್ಲಿ ಯಾವಾಗ ಕೋಚ್ ಮನೆಗೆ ಬರಬಹುದು, ಯಾವಾಗ ಆಟ ಮಾತ್ರ ನೋಡಬಹುದು, ಯಾವಾಗ ಎದುರಿಗೆ ಭೇಟಿಯೇ ಆಗಬಾರದು ಅನ್ನುವುದಕ್ಕೆ ಎನ್‌ಸಿಎಎ ಕ್ಯಾಲೆಂಡರ್ ಇದೆ. ಅದು ಆಗಾಗ ಬದಲಾಗುತ್ತದೆ, ಆಯಾ ವರ್ಷದ್ದನ್ನು ತೆಗೆದು ಗೋಡೆಗೆ ಅಂಟಿಸಿಕೊಳ್ಳಿ.

ಜೂನ್ ಕ್ಯಾಂಪ್: ದೂರವನ್ನು ಗೆಲ್ಲುವ ಜಾಗ

ಟೆಕ್ಸಸ್, ಫ್ಲಾರಿಡಾ, ಜಾರ್ಜಿಯಾದಲ್ಲಿ ವಸಂತದಲ್ಲೂ ಶಾಲೆಗಳು ಅಭ್ಯಾಸ ಮಾಡುತ್ತವೆ. ಕಾಲೇಜ್ ಕೋಚ್‌ಗಳು ಆಗ ಬಂದು ನೋಡಿಕೊಂಡು ಹೋಗುತ್ತಾರೆ. ಉತ್ತರದ ಎಷ್ಟೋ ರಾಜ್ಯಗಳಲ್ಲಿ ಆ ಅವಕಾಶ ಇಲ್ಲ. ಅಲ್ಲಿಯ ಹುಡುಗನಿಗೆ ಬೇಸಿಗೆ ಕ್ಯಾಂಪೇ ದಾರಿ.

ಹೊನೊಲುಲುವಿನ ಮಾರ್ಕಸ್ ಮರಿಯೋಟಾ ಕಥೆ ಪ್ರತಿ ಅಪ್ಪ ಅಮ್ಮನಿಗೂ ಗೊತ್ತಿರಬೇಕು. ಹನ್ನೊಂದನೇ ಕ್ಲಾಸ್ ಮುಗಿಯುವವರೆಗೂ ಅವರು ತಮ್ಮ ಶಾಲೆಯಲ್ಲೇ ಎರಡನೇ ಕ್ವಾರ್ಟರ್‌ಬ್ಯಾಕ್. ತೋರಿಸಲು ಆಟದ ವಿಡಿಯೊ ಹೆಚ್ಚಿರಲಿಲ್ಲ. ಆರೆಗಾನ್ ವಿಶ್ವವಿದ್ಯಾಲಯದ ಕ್ಯಾಂಪಿಗೆ ಹೋದರು. ಕಣ್ಣಾರೆ ನೋಡಿದ ಕೋಚ್‌ಗಳು ಆಫರ್ ಕೊಟ್ಟರು. ದೊಡ್ಡ ಮಟ್ಟದಲ್ಲಿ ಅವರಿಗೆ ಬಂದ ಆಫರ್ ಎರಡೇ, ಆರೆಗಾನ್ ಮತ್ತು ಮೆಂಫಿಸ್. 2014ರಲ್ಲಿ ಅದೇ ಹುಡುಗ ವರ್ಷದ ಅತ್ಯುತ್ತಮ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದರು.

ಆದರೆ ಬಂದ ಎಲ್ಲ ಆಹ್ವಾನಕ್ಕೂ ವಿಮಾನ ಹತ್ತಬೇಡಿ. ಹೆಚ್ಚಿನವು ಸಾವಿರಾರು ಹುಡುಗರಿಗೆ ಒಟ್ಟಿಗೆ ಹೋದ ಪತ್ರಗಳು. ಕ್ಯಾಂಪಿನ ಫೀಸು ತಂಡಕ್ಕೆ ಆದಾಯ. ಹುಡುಗನೇ ಆ ಪ್ರದೇಶದ ಕೋಚ್‌ಗೆ ಬರೆದು ಕೇಳಲಿ: "ನನ್ನ ವಿಡಿಯೊ ನೋಡಿದ್ದೀರಾ? ನನ್ನ ಜಾಗದಲ್ಲಿ ಈ ವರ್ಷ ಎಷ್ಟು ಜನ ಬೇಕು? ನಾನು ಬಂದರೆ ನೀವೇ ನೋಡುತ್ತೀರಾ?" ಇದಕ್ಕೆ ನೇರ ಉತ್ತರ ಬಂದರೆ ಟಿಕೆಟ್ ಮಾಡಿ. ಹಲವು ಕಾಲೇಜುಗಳ ಕೋಚ್‌ಗಳು ಒಂದೇ ಕಡೆ ಸೇರುವ ಮೆಗಾ ಕ್ಯಾಂಪ್‌ಗಳೂ ಇವೆ. ಚಿಕ್ಕ ಕಾಲೇಜುಗಳ ಕೋಚ್‌ಗಳೂ ಅಲ್ಲಿಗೆ ಬರುವುದರಿಂದ ಕೊಟ್ಟ ದುಡ್ಡಿಗೆ ಅದೇ ಜಾಸ್ತಿ ಲಾಭ ಅಂತ ನನ್ನ ಅನಿಸಿಕೆ.

ದುಡ್ಡಿನ ಲೆಕ್ಕ

ಇದನ್ನು ನಿಧಾನವಾಗಿ ಓದಿ. ಹೆಚ್ಚಿನ ಮನೆಗಳಲ್ಲಿ ತಪ್ಪು ತಿಳಿವಳಿಕೆ ಇರುವುದು ಇಲ್ಲೇ.

ಟಿವಿಯಲ್ಲಿ ಕಾಣುವ ದೊಡ್ಡ ತಂಡಗಳಿಗೆ ಬಹಳ ವರ್ಷ 85 ಸ್ಕಾಲರ್‌ಶಿಪ್ ಮಿತಿ ಇತ್ತು. ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಹೌಸ್ ಒಪ್ಪಂದದ ನಂತರ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ, ತಂಡದಲ್ಲಿ 105 ಜನ ಮಾತ್ರ ಅನ್ನುವ ಮಿತಿ ಬಂದಿದೆ. ಮೊದಲು ಸ್ಕಾಲರ್‌ಶಿಪ್ ಇಲ್ಲದೆ ಸೇರಿಕೊಂಡು ದುಡಿದು ಮೇಲೆ ಬರುವ ವಾಕ್-ಆನ್ ಹುಡುಗರಿಗೆ ಜಾಗ ಹೆಚ್ಚಿತ್ತು, ಈಗ ಕಮ್ಮಿಯಾಗಿದೆ. ಜೊತೆಗೆ ಕೋಚ್‌ಗಳು ಟ್ರಾನ್ಸ್‌ಫರ್ ಪೋರ್ಟಲ್‌ನಿಂದ (ಕಾಲೇಜು ಬದಲಾಯಿಸಲು ಬಯಸುವ ಆಟಗಾರರ ಪಟ್ಟಿ) ಕಾಲೇಜಿನಲ್ಲಿ ಆಗಲೇ ಆಡಿದ ಹುಡುಗರನ್ನು ತರುತ್ತಾರೆ. ಹೈಸ್ಕೂಲ್ ಹುಡುಗನಿಗೆ ಬಾಗಿಲು ಕಿರಿದಾಗಿದೆ, ಇದು ನಿಜ.

ಡಿವಿಜನ್ 2ರಲ್ಲಿ ಒಂದು ತಂಡಕ್ಕೆ 36 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಹಣ ಮಿತಿ. ಅದನ್ನು ಹಂಚಿ ಹಂಚಿ ಕೊಡುತ್ತಾರೆ. ಎಲ್ಲ ಕಾಲೇಜುಗಳಲ್ಲೂ ಅಷ್ಟು ಹಣವೂ ಇರುವುದಿಲ್ಲ. ಹೊರ ರಾಜ್ಯದ ಹುಡುಗನಿಗೆ ಕೊಡುವ ಅರ್ಧ ಸ್ಕಾಲರ್‌ಶಿಪ್ಪಿನ ಹಣದಲ್ಲಿ ಒಳಗಿನ ಇಬ್ಬರಿಗೆ ಅರ್ಧರ್ಧ ಕೊಡಬಹುದು ಅಂದರೆ ಕೋಚ್ ಏನು ಮಾಡುತ್ತಾರೆ, ನೀವೇ ಹೇಳಿ.

ಇಲ್ಲೇ ಮಾರ್ಕ್ಸ್ ಕೆಲಸಕ್ಕೆ ಬರುವುದು. ಓದಿಗಾಗಿ ಕಾಲೇಜು ಕೊಡುವ ಮೆರಿಟ್ ಸ್ಕಾಲರ್‌ಶಿಪ್ ಕೋಚ್ ಜೇಬಿನಿಂದ ಹೋಗುವುದಿಲ್ಲ. ಕೆಲವು ಕಾಲೇಜುಗಳು ಒಳ್ಳೆ ಮಾರ್ಕ್ಸ್ ಇರುವ ಹೊರಗಿನವರಿಗೆ ಒಳಗಿನವರ ಫೀಸನ್ನೇ ಹಾಕುತ್ತವೆ. ಪಶ್ಚಿಮದ ರಾಜ್ಯಗಳ ನಡುವೆ ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್ ಅಂತ ಒಂದು ಏರ್ಪಾಟಿದೆ. ಅದರಲ್ಲಿ ಸೇರಿದ ಕಾಲೇಜುಗಳು ಆ ಏರ್ಪಾಟಿನ ಬೇರೆ ರಾಜ್ಯದ ವಿದ್ಯಾರ್ಥಿಗೆ, ಒಳಗಿನವರ ಫೀಸಿನ ಒಂದೂವರೆ ಪಟ್ಟಿಗಿಂತ ಹೆಚ್ಚು ಹಾಕುವುದಿಲ್ಲ. ಮಧ್ಯಪಶ್ಚಿಮದಲ್ಲೂ ಇಂಥದ್ದೇ ಇದೆ. ಎಲ್ಲ ಕಾಲೇಜು, ಎಲ್ಲ ಕೋರ್ಸಿಗೂ ಇದು ಸಿಗುವುದಿಲ್ಲ, ಆದ್ದರಿಂದ ಕಾಲೇಜಿನ ಪ್ರವೇಶ ಕಚೇರಿಯಲ್ಲಿ ವಿಚಾರಿಸಿ. ವಿಚಾರಿಸಿದ ಮೇಲೆ ಹುಡುಗ ಕೋಚ್‌ಗೆ ಹೇಳಬೇಕು: "ನನಗೆ ಮೆರಿಟ್ ಹಣ ಇಷ್ಟು ಸಿಗುತ್ತೆ, ಉಳಿದದ್ದಕ್ಕೆ ನಿಮ್ಮಿಂದ ಎಷ್ಟಾಗುತ್ತೆ?" ಇಂಥ ಹುಡುಗ ದೂರದವನಾದರೂ ಕೋಚ್‌ಗೆ ದುಬಾರಿಯಲ್ಲ.

ಖಾಸಗಿ ಕಾಲೇಜುಗಳಲ್ಲಿ ಒಳಗಿನವರು, ಹೊರಗಿನವರು ಅನ್ನುವ ಭೇದವೇ ಇಲ್ಲ. ಫೀಸು ಎಲ್ಲರಿಗೂ ಒಂದೇ. ಐವಿ ಲೀಗ್‌ನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದಿಲ್ಲ, ಮನೆಯ ಆದಾಯ ನೋಡಿ ಸಹಾಯ ಕೊಡುತ್ತಾರೆ. ಡಿವಿಜನ್ 3ರಲ್ಲೂ ಕ್ರೀಡೆಗೆ ಅಂತ ಹಣವಿಲ್ಲ. ಆದರೆ ಎಂಐಟಿ, ಜಾನ್ಸ್ ಹಾಪ್ಕಿನ್ಸ್, ಶಿಕಾಗೋ ವಿಶ್ವವಿದ್ಯಾಲಯ, ಆಮ್ಹರ್ಸ್ಟ್ ಇವೆಲ್ಲ ಡಿವಿಜನ್ 3ರಲ್ಲಿ ಫುಟ್‌ಬಾಲ್ ಆಡುತ್ತವೆ, ಹುಡುಗರನ್ನು ದೇಶದ ಎಲ್ಲ ಕಡೆಯಿಂದ ಹುಡುಕುತ್ತವೆ. ಓದಿನಲ್ಲಿ ಗಟ್ಟಿ ಇರುವ, ದೊಡ್ಡ ತಂಡಗಳಿಗೆ ಸ್ವಲ್ಪ ಸಣ್ಣವನು ಅನ್ನಿಸಿಕೊಳ್ಳುವ ನಮ್ಮ ಹುಡುಗರಿಗೆ ಅತ್ಯುತ್ತಮ ಜಾಗ ಇದು ಅಂತ ನಾನು ನಂಬಿದ್ದೇನೆ. ಅಲ್ಲಿಯ ಕೋಚ್‌ಗಳು ಹನ್ನೊಂದನೇ ಕ್ಲಾಸ್ ಮುಗಿದ ಬೇಸಿಗೆಯಲ್ಲಿ ಹುಡುಗನ ಮಾರ್ಕ್ಸನ್ನು ಪ್ರವೇಶ ಕಚೇರಿಗೆ ಮೊದಲೇ ತೋರಿಸಿ ಅಭಿಪ್ರಾಯ ಕೇಳುತ್ತಾರೆ. ಇದಕ್ಕೆ ಪ್ರೀ-ರೀಡ್ ಅನ್ನುತ್ತಾರೆ. "ನನ್ನ ಪ್ರೀ-ರೀಡ್ ಮಾಡಿಸುತ್ತೀರಾ" ಅಂತ ಜುಲೈಗೆ ಮೊದಲೇ ಕೇಳಬೇಕು.

ವೀಸಾ ಇದ್ದವರು ಇದನ್ನು ಬಿಡಬೇಡಿ

ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ಮನೆಗಳು ನಮ್ಮಲ್ಲಿ ಎಷ್ಟಿವೆ ಅಂತ ಹೇಳಬೇಕಾಗಿಲ್ಲ. ಎಚ್-4 (ಎಚ್-1ಬಿ ಕೆಲಸಗಾರರ ಕುಟುಂಬದ ವೀಸಾ) ಮೇಲಿರುವ ಹುಡುಗ ಕಾಲೇಜ್ ತಂಡದಲ್ಲಿ ಆಡಬಹುದು, ಕ್ರೀಡಾ ಸ್ಕಾಲರ್‌ಶಿಪ್ಪನ್ನೂ ಪಡೆಯಬಹುದು. ಆದರೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಹಾಯ ಅವನಿಗೆ ಸಿಗುವುದಿಲ್ಲ. 21 ತುಂಬಿದಾಗ ಎಚ್-4 ಮುಗಿಯುತ್ತದೆ, ಅಂದರೆ ಸುಮಾರು ಮೂರನೇ ವರ್ಷದಲ್ಲಿ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕಾಗಬಹುದು. 2021ರ ಜುಲೈನಿಂದ ಕಾಲೇಜ್ ಆಟಗಾರರು ತಮ್ಮ ಹೆಸರು, ಚಿತ್ರದಿಂದ ಹಣ ಗಳಿಸಬಹುದು. ಹೌಸ್ ಒಪ್ಪಂದದ ನಂತರ ಕಾಲೇಜೇ ಆದಾಯದಲ್ಲಿ ಪಾಲು ಕೊಡಬಹುದು. ಕೆಲಸ ಮಾಡುವ ಅನುಮತಿ ಇಲ್ಲದ ವೀಸಾದಲ್ಲಿ ಈ ಹಣ ಮುಟ್ಟುವುದು ಅಪಾಯ. ಸ್ಟೇಟಸ್‌ಗೇ ಕುತ್ತು ಬರಬಹುದು. ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ಇಮಿಗ್ರೇಷನ್ ವಕೀಲರನ್ನು ಕಾಣಿ. ಕೋಚ್‌ಗೆ ಈ ನಿಯಮಗಳು ಗೊತ್ತಿರುತ್ತವೆ ಅಂತ ಅಂದುಕೊಳ್ಳಬೇಡಿ.

ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಡಾರ್ಟ್‌ಮತ್, ಎಂಐಟಿ, ಆಮ್ಹರ್ಸ್ಟ್, ಬೋಡನ್ ಕಾಲೇಜುಗಳು ಯಾವ ದೇಶದ ಪ್ರಜೆ ಅಂತ ನೋಡದೆ ಆದಾಯಕ್ಕೆ ತಕ್ಕಂತೆ ಸಹಾಯ ಕೊಡುತ್ತವೆ. ಏಳಕ್ಕೂ ಫುಟ್‌ಬಾಲ್ ತಂಡವಿದೆ. ವೀಸಾ ಇರುವ ಮನೆಯವರು ಈ ಹೆಸರುಗಳನ್ನು ಬರೆದಿಟ್ಟುಕೊಳ್ಳಿ.

ಆಫರ್ ಬಂತು, ಈಗ?

ಫೋನಿನಲ್ಲಿ ಹೇಳಿದ ಆಫರ್ ಯಾರನ್ನೂ ಕಟ್ಟಿಹಾಕುವುದಿಲ್ಲ, ಅವರನ್ನೂ ಅಷ್ಟೇ, ಹುಡುಗನನ್ನೂ ಅಷ್ಟೇ. "ನಾನು ಇವತ್ತೇ ಒಪ್ಪಿಕೊಂಡರೆ ಜಾಗ ಇದೆಯಾ?" ಅಂತ ಕೇಳಿ. ಕೋಚ್ ತಡವರಿಸಿದರೆ ಅದು ಇನ್ನೂ ಆಫರ್ ಅಲ್ಲ. ಬರವಣಿಗೆಯ ಆಫರ್ ಹನ್ನೆರಡನೇ ಕ್ಲಾಸಿನ ಆಗಸ್ಟ್ 1ಕ್ಕೆ ಮೊದಲು ಬರುವುದಿಲ್ಲ.

ಅಧಿಕೃತ ಭೇಟಿಗೆ ಕರೆದರೆ ಪ್ರಯಾಣ, ವಸತಿ, ಊಟ ಕಾಲೇಜಿನದು. ಜೊತೆಗೆ ಮನೆಯ ಇಬ್ಬರ ಪ್ರಯಾಣದ ಖರ್ಚನ್ನೂ ಅವರು ಕೊಡಬಹುದು. ಎರಡು ರಾತ್ರಿ ಇರಬಹುದು. 2023ರಿಂದ ಎಷ್ಟು ಕಾಲೇಜಿಗೆ ಬೇಕಾದರೂ ಹೋಗಬಹುದು, ಆದರೆ ಸಾಮಾನ್ಯವಾಗಿ ಒಂದು ಕಾಲೇಜಿಗೆ ಒಂದೇ ಸಲ. ಕ್ರೀಡಾಂಗಣ, ದೀಪ, ಜರ್ಸಿ ಹಾಕಿ ತೆಗೆದ ಫೋಟೊ ನೋಡಿ ಮರುಳಾಗುವುದು ಸುಲಭ. ಹುಡುಗನನ್ನು ಮರುಳಾಗಲು ಬಿಡಿ, ನೀವು ಕೇಳಬೇಕಾದ್ದು ಕೇಳಿ. ಅವನು ಆರಿಸಿದ ವಿಷಯದ ಲ್ಯಾಬ್ ತರಗತಿ ಅಭ್ಯಾಸದ ಹೊತ್ತಿಗೇ ಬರುತ್ತದೆಯಾ? ಬಂದರೆ ಏನು ಮಾಡುತ್ತಾರೆ? ಸಸ್ಯಾಹಾರಿ ಹುಡುಗನಾದರೆ ತಂಡದ ಊಟದಲ್ಲಿ ಪ್ರೋಟೀನ್ ಎಲ್ಲಿಂದ? ಪೌಷ್ಟಿಕ ತಜ್ಞರನ್ನೇ ಭೇಟಿ ಮಾಡಿಸಿ ಅನ್ನಿ. ತಲೆಗೆ ಪೆಟ್ಟಾದರೆ ಆಟಕ್ಕೆ ವಾಪಸ್ ಬಿಡುವ ತೀರ್ಮಾನ ವೈದ್ಯರದಾ, ಕೋಚ್‌ನದಾ? 2024ರ ಆಗಸ್ಟ್‌ನಿಂದ ಡಿವಿಜನ್ 1 ಕಾಲೇಜುಗಳು ಆಟದಲ್ಲಾದ ಗಾಯಕ್ಕೆ, ಆಟ ಮುಗಿದ ಮೇಲೂ ಕನಿಷ್ಠ ಎರಡು ವರ್ಷ ವೈದ್ಯಕೀಯ ಖರ್ಚು ನೋಡಿಕೊಳ್ಳಬೇಕು. ಅದು ಹೇಗೆ ಸಿಗುತ್ತದೆ ಅಂತ ಬಿಡಿಸಿ ಕೇಳಿ. ಕೋಚ್‌ಗಳು ಇಲ್ಲದ ಹೊತ್ತಿನಲ್ಲಿ, ದೂರದಿಂದ ಬಂದ ಆಟಗಾರರ ಜೊತೆ ಹುಡುಗ ಊಟಕ್ಕೆ ಕೂರಲಿ. ನಿಜ ಗೊತ್ತಾಗುವುದು ಅಲ್ಲಿ.

ನೀವು ಆಟ ನೋಡಲು ಹೋಗುವುದನ್ನೂ ಲೆಕ್ಕ ಹಾಕಿ. ತಮ್ಮತಮ್ಮಲ್ಲೇ ಹೆಚ್ಚು ಆಡುವ ಕಾಲೇಜುಗಳ ಕೂಟಗಳಿವೆ. ನೆಬ್ರಾಸ್ಕಾ 2011ರಲ್ಲಿ ಬಿಗ್ ಟೆನ್ ಕೂಟಕ್ಕೆ ಹೋಯಿತು. ಅದಕ್ಕೂ ಮೊದಲು ಬಿಗ್ 12ರಲ್ಲಿದ್ದಾಗ ಟೆಕ್ಸಸ್‌ಗೆ ಬಂದು ಆಡುತ್ತಿತ್ತು, ಅಲ್ಲಿಯ ಹುಡುಗರ ಮನೆಯವರು ಹತ್ತಿರದಲ್ಲೇ ಮಗನ ಆಟ ನೋಡಬಹುದಿತ್ತು. ಈಗ ಬಿಗ್ ಟೆನ್‌ನಲ್ಲಿ ಯುಸಿಎಲ್‌ಎ, ಯುಎಸ್‌ಸಿ ಇರುವುದರಿಂದ ಕ್ಯಾಲಿಫೋರ್ನಿಯಾದವರಿಗೆ ಆ ಅನುಕೂಲ ಬಂದಿದೆ. ಮಗ ಆಗಸ್ಟ್‌ನಿಂದ ನವೆಂಬರ್ ಕೊನೆವರೆಗೆ ಗಣೇಶ ಹಬ್ಬ, ದಸರಾ, ದೀಪಾವಳಿ ಯಾವುದಕ್ಕೂ ಮನೆಗೆ ಬರುವುದಿಲ್ಲ ಅಂತ ಈಗಲೇ ಮನಸ್ಸಿಗೆ ತಂದುಕೊಳ್ಳಿ.

ಕರೆದ ಕೋಚ್ ನಂಬಿಕೊಂಡು ಮಾತ್ರ ಕಾಲೇಜು ಆರಿಸಬೇಡಿ. ಬ್ರೇಡಿ 1995ರ ಫೆಬ್ರವರಿಯಲ್ಲಿ ಮಿಷಿಗನ್‌ಗೆ ಸಹಿ ಹಾಕಿದರು. ಮೇ ತಿಂಗಳಲ್ಲಿ ಮುಖ್ಯ ಕೋಚ್ ಗ್ಯಾರಿ ಮೊಲರ್ ರಾಜೀನಾಮೆ ಕೊಟ್ಟರು. ಹುಡುಗ ಹೋಗಿ ಇಳಿಯುವಾಗ ಅಲ್ಲಿ ಮುಖ್ಯ ಕೋಚ್ ಆಗಿ ಲಾಯ್ಡ್ ಕಾರ್ ಇದ್ದರು. ಫುಟ್‌ಬಾಲ್ ಇಲ್ಲದಿದ್ದರೂ ಈ ಊರಲ್ಲಿ, ಈ ಕಾಲೇಜಿನಲ್ಲಿ ನಾಲ್ಕು ವರ್ಷ ಇರ್ತೀಯಾ ಅಂತ ಮಗನನ್ನು ಕೇಳಿ. ದೂರದ ಊರಾದರೆ ಈ ಪ್ರಶ್ನೆ ಇನ್ನೂ ಮುಖ್ಯ.

ಸಹಿ

ಮೊದಲ ಸಹಿ ದಿನ ಈಗ ಡಿಸೆಂಬರ್ ಮೊದಲ ಬುಧವಾರ, ಆಮೇಲಿನದು ಫೆಬ್ರವರಿ ಮೊದಲ ಬುಧವಾರ. ಹುಡುಗ ಈ ಕಾಲೇಜಿಗೇ ಸೇರುತ್ತೇನೆ ಅಂತ ಸಹಿ ಹಾಕುತ್ತಿದ್ದ ಹಳೆಯ ನ್ಯಾಷನಲ್ ಲೆಟರ್ ಆಫ್ ಇಂಟೆಂಟ್ 2024ರ ಅಕ್ಟೋಬರ್‌ನಲ್ಲಿ ಹೋಯಿತು. ಈಗ ಸಹಿ ಹಾಕುವುದು ಹಣಕಾಸಿನ ಒಪ್ಪಂದಕ್ಕೆ. ಅದರಲ್ಲಿ ಒಂದು ವರ್ಷಕ್ಕಾ ನಾಲ್ಕು ವರ್ಷಕ್ಕಾ, ಬೇಸಿಗೆ ತರಗತಿಯ ಫೀಸು ಸೇರಿದೆಯಾ, ಹೊರ ರಾಜ್ಯದ ಹೆಚ್ಚುವರಿ ಫೀಸು ಪೂರ್ತಿ ಸೇರಿದೆಯಾ, ಈ ಮೂರನ್ನು ಸಾಲು ಸಾಲಾಗಿ ಓದಿ. ವಸತಿ ಮತ್ತು ಊಟಕ್ಕೆ ಕೊಡುವ ಭಾಗಕ್ಕೆ ತೆರಿಗೆ ಬೀಳುತ್ತದೆ, ಅದಕ್ಕೆ ಸ್ವಲ್ಪ ಹಣ ಬೇರೆ ಇಡಿ.

ಸಹಿ ಆದ ಮೇಲೂ ಹನ್ನೆರಡನೇ ಕ್ಲಾಸಿನ ಕೊನೆಯ ಸೆಮಿಸ್ಟರ್ ಓದು ಬಿಡುವಂತಿಲ್ಲ. ಹೈಸ್ಕೂಲ್ ಮುಗಿದ ಕೂಡಲೇ ಶಾಲೆಯ ಕೌನ್ಸೆಲರ್ ಕೈಯಿಂದ ಅಂತಿಮ ಟ್ರಾನ್ಸ್‌ಕ್ರಿಪ್ಟ್ ಎಲಿಜಿಬಿಲಿಟಿ ಸೆಂಟರ್‌ಗೆ ಹೋಗಬೇಕು. ಜೂನ್‌ನಲ್ಲಿ ಶಾಲೆಗಳು ರಜೆಗೆ ಮುಚ್ಚುತ್ತವೆ, ಕಚೇರಿಯಲ್ಲಿ ಯಾರೂ ಸಿಗುವುದಿಲ್ಲ. ಮೇ ತಿಂಗಳಲ್ಲೇ ಅರ್ಜಿ ಕೊಟ್ಟು, ಯಾವ ದಿನ ಕಳಿಸುತ್ತಾರೆ ಅಂತ ಕೇಳಿ ಬರೆದುಕೊಳ್ಳಿ.